ಉಚ್ಚಂಗೆಪ್ಪನಪ್ಪ

ಸತ್ತವರು ರಾತ್ರಿ ಹೊತ್ತು ಬರುತ್ತಾರೆ ಎನ್ನುವವರು ಹರಪನಹಳ್ಳಿಯ ಬೇಸಿಗೆಯನ್ನು ಕಂಡವರಲ್ಲ. ಇಲ್ಲಿ ರಾತ್ರಿ ಜನ ಅಂಗಳದಲ್ಲಿ ಹೊರಸು ಹಾಕಿಕೊಂಡು, ಬೀಡಿ ಸೇದುತ್ತ, ಮಂದಿಯ ಮನೆಯ ಸುದ್ದಿ ಆಡಿಕೊಳ್ಳುತ್ತ ಎಚ್ಚರವಾಗಿಯೇ ಇರುತ್ತಾರೆ. ಸತ್ತವರು ಬಂದರೂ ಕೂರಲು ಜಾಗವಿರುವುದಿಲ್ಲ. ಓಣಿ ನಿಜವಾಗಿ ಖಾಲಿಯಾಗುವುದು ನಡು ಮಧ್ಯಾಹ್ನ. ನಾಯಿಗಳು ಚರಂಡಿಯ ತಂಪಿಗೆ ಇಳಿಯುತ್ತವೆ, ಬಾಗಿಲುಗಳೆಲ್ಲ ಮುಚ್ಚಿಕೊಳ್ಳುತ್ತವೆ, ಬಸ್‌ಸ್ಟ್ಯಾಂಡಿನ ಕಡೆಯ ಸದ್ದು ಕೂಡ ಸತ್ತುಹೋಗುತ್ತದೆ. ಗಿಡ್ಡಮ್ಮನ ಗಂಡ ಬರುತ್ತಿದ್ದದ್ದು ಆ ಹೊತ್ತಿಗೆ. ಬದುಕಿದ್ದಾಗಲೂ ಅದೇ ಹೊತ್ತಿಗೆ ಬರುತ್ತಿದ್ದ. ಸತ್ತ ಮೇಲೂ ರೂಢಿ ಬಿಡಲಿಲ್ಲ.

ಆತನ ಹೆಸರು ಗಾದಿಲಿಂಗಪ್ಪ. ಇದನ್ನು ನಾವೇ ಹೇಳಬೇಕು, ಗಿಡ್ಡಮ್ಮ ಹೇಳುವುದಿಲ್ಲ. ಗಂಡನ ಹೆಸರು ಬಾಯಿಗೆ ಬಂದರೆ ಆತನ ಆಯುಷ್ಯ ಸವೆಯುತ್ತದೆ ಎಂದು ಅವಳ ಅವ್ವ ಹೇಳಿಕೊಟ್ಟಿದ್ದಳು. ಆತ ಹೋಗಿ ಎರಡು ವರ್ಷವಾಗಿ, ಸವೆಯಲು ಆಯುಷ್ಯವೇ ಇಲ್ಲವಾದ ಮೇಲೂ ಗಿಡ್ಡಮ್ಮನ ನಾಲಗೆ ಆ ಹೆಸರಿನ ಹತ್ತಿರ ಸುಳಿಯುತ್ತಿರಲಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಕೇಳಲಿ, ರೇಷನ್ ಅಂಗಡಿಯಲ್ಲಿ ಕೇಳಲಿ, ಉತ್ತರ ಒಂದೇ: "ನಮ್ಮ ಉಚ್ಚಂಗೆಪ್ಪನಪ್ಪ." ಉಚ್ಚಂಗೆಪ್ಪ ಅವಳ ಒಬ್ಬನೇ ಮಗ. ಊರಿನ ಒಂದು ಹೈಸ್ಕೂಲಿನಲ್ಲಿ ಜವಾನ. ಆ ಮನೆತನದಲ್ಲಿ ತಿಂಗಳ ಸಂಬಳ ಕಂಡ ಮೊದಲ ಗಂಡಸು ಅವನು, ಹಾಗಾಗಿ ಮಗನ ಹೆಸರನ್ನು ಹೇಳುವಾಗ ಅವಳ ದನಿ ಒಂಚೂರು ಏರುತ್ತಿತ್ತು ಕೂಡ.

ಗಾದಿಲಿಂಗಪ್ಪ ಶೇಂಗಾ ಮಂಡಿಯಲ್ಲಿ ಹಮಾಲಿ ಮಾಡುತ್ತಿದ್ದ. ಒಂದು ಮಧ್ಯಾಹ್ನ ಬೆನ್ನ ಮೇಲಿನ ಚೀಲ ಇಳಿಸಿ, ಟವೆಲ್ಲು ಕೊಡವಿ, "ಉಂಡು ಬರ್ತೀನಿ" ಎಂದವನು ಎರಡು ಹೆಜ್ಜೆ ಇಟ್ಟು ಅಲ್ಲೇ ಕುಸಿದ. ಮನೆಯಲ್ಲಿ ಗಿಡ್ಡಮ್ಮ ರೊಟ್ಟಿ ತಟ್ಟಿ, ಪುಂಡಿಪಲ್ಯ ಮಾಡಿ, ಬಾಗಿಲ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದಳು. ರೊಟ್ಟಿ ಆರುವ ಮೊದಲೇ ಹೆಣ ಬಂತು. ಸಾವು ಯಾರಿಗೂ ತಪ್ಪಿದ್ದಲ್ಲ ಎಂದು ಓಣಿಯವರು ಸಮಾಧಾನ ಮಾಡಿದರು. ಅವಳ ಸಂಕಟ ಸಾವಿನದಾಗಿರಲಿಲ್ಲ, ಹಸಿದ ಹೊಟ್ಟೆಯದಾಗಿತ್ತು. ಇನ್ನೊಂದು ಗಳಿಗೆ ತಡೆದಿದ್ದರೆ ಉಂಡಾದರೂ ಹೋಗುತ್ತಿದ್ದನಲ್ಲ ಎಂದು ಅಳುತ್ತಿದ್ದಳು.

ತಿಂಗಳು ತುಂಬುವ ಮೊದಲೇ ಬಾಗಿಲ ಚಿಲಕ ಅಲುಗತೊಡಗಿತು. ಗಾಳಿಯಿಲ್ಲದ ನಡು ಮಧ್ಯಾಹ್ನ, ಕೈಯಲ್ಲಿ ಹಿಡಿದು ಮೆಲ್ಲಗೆ ಬಡಿದ ಹಾಗೆ. ಆತ ಬಡಿಯುತ್ತಿದ್ದದ್ದು ಹಾಗೆಯೇ. ಬಡಿದು, ಗಂಟಲು ಸರಿಮಾಡಿಕೊಂಡು, ಒಳಗಿನಿಂದ ಹೆಂಡತಿ "ಬಂದ್ರೇನು?" ಎಂದು ಕೇಳುವ ತನಕ ಹೊರಗೇ ನಿಲ್ಲುತ್ತಿದ್ದ. ಆಮೇಲೆ "ಹೂಂ" ಎನ್ನುತ್ತಿದ್ದ. ಮೊದಲ ದಿನ ಗಿಡ್ಡಮ್ಮ ಒಲೆಯ ಮುಂದೆ ಕಲ್ಲಾಗಿ ಕೂತಳು. ಎರಡನೆಯ ದಿನ, ಬಾಯಿಯ ರೂಢಿಗೆ, "ಬಂದ್ರೇನು?" ಅಂದುಬಿಟ್ಟಳು.

"ಹೂಂ" ಎಂದಿತು ಬಾಗಿಲಾಚೆಯ ದನಿ.

ಬಾಗಿಲು ತೆರೆದರೆ ಯಾರೂ ಇಲ್ಲ. ಕಟ್ಟೆಯ ಮೇಲೆ ಇಟ್ಟ ನೀರಿನ ತಂಬಿಗೆ ಮಾತ್ರ ಮೊದಲಿಗಿಂತ ಕಡಿಮೆಯಾದಂತೆ ಕಂಡಿತು. ಬಿಸಿಲಿಗೆ ಆರಿರಬಹುದು ಎಂದು ನೀವು ಅನ್ನುತ್ತೀರಿ. ಅನ್ನಿ. ಅವಳು ಮರುದಿನದಿಂದ ತಂಬಿಗೆಯನ್ನು ತುಂಬಿಯೇ ಇಡತೊಡಗಿದಳು.

ಉಚ್ಚಂಗೆಪ್ಪ ಆ ಹೊತ್ತಿಗೆ ಶಾಲೆಯಲ್ಲಿರುತ್ತಿದ್ದ, ರಜೆಯಿದ್ದರೆ ಉಂಡು ನಿದ್ದೆ ಹೋಗಿರುತ್ತಿದ್ದನಾದ್ದರಿಂದ ಬಹಳ ದಿನ ಅವನಿಗೆ ತಿಳಿಯಲಿಲ್ಲ. ಒಂದು ಭಾನುವಾರ ಅವ್ವ ಮುಚ್ಚಿದ ಬಾಗಿಲಿಗೆ ಮಾತಾಡುವುದನ್ನು ಕೇಳಿ ಎದ್ದು ಕೂತ. ಚಿಲಕ ಅಲುಗುವುದನ್ನೂ ಕಂಡ.

"ಯವ್ವಾ, ಅಪ್ಪ ಹಸಕೊಂಡು ತಿರುಗಾಕ ಹತ್ಯಾನ. ಹಿಂಗ ಬಿಡಬಾರದು. ಕಾಶ್ಯಾಗ ಪಿಂಡ ಇಟ್ಟು ಬಂದ್ರ ಸದ್ಗತಿ ಸಿಗತೈತಂತ. ನನಗ ರಜಾ ಕೊಡಂಗಿಲ್ಲ. ನೀನ ಹೋಗಿ ಬಾ."

ಆ ವರ್ಷ, ಎಪ್ಪತ್ತೊಂಬತ್ತರ ಮಾಘದಲ್ಲಿ, ಹರಪನಹಳ್ಳಿಯಿಂದ ಕಾಶಿಗೆ ಯಾತ್ರೆಯ ಬಸ್ಸು ಹೊರಡುವುದಿತ್ತು. ಪಕ್ಕದ ಮನೆಯ ಪಕ್ಕೀರಮ್ಮ ಪಾಪ ತೊಳೆದುಕೊಳ್ಳಲೆಂದೂ, ತಿಂಗಳ ಮಟ್ಟಿಗಾದರೂ ಸೊಸೆಯ ಮುಖ ತಪ್ಪಿಸಲೆಂದೂ ಹೆಸರು ಕೊಟ್ಟಿದ್ದಳು. ಬಸ್ಸಿನ ಡ್ರೈವರ್ ದಸ್ತಗಿರಿ. ಮೊದಲು ಅವನು ಮಂಡಿಯ ಲಾರಿ ಓಡಿಸುತ್ತಿದ್ದವನು, ಗಾದಿಲಿಂಗಪ್ಪನ ಜೀವದ ಗೆಳೆಯ. ಉತ್ತರದ ಊರುಗಳಲ್ಲಿ ಬಾಯಿ ಸತ್ತವರಂತಾಗುವ ನಮ್ಮ ಜನಕ್ಕೆ ಅವನ ಉರ್ದುವೇ ಆಸರೆ. ಗಿಡ್ಡಮ್ಮ ಹೊರಟಳು.

ಕಾಶಿ ಅವಳನ್ನು ಹೆದರಿಸಲಿಲ್ಲ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಳ್ಳಬೇಕಾದ ಆ ಓಣಿಗಳು, ಓಣಿಗೆ ಅಡ್ಡ ಮಲಗಿದ ಗೂಳಿಗಳು, ಹೂವು ಕೊಳೆತ ವಾಸನೆ, ಹಗಲಿನಲ್ಲೇ ಸಾಲಾಗಿ ಉರಿಯುವ ಹೆಣಗಳು. ಹೆಣದ ಪಕ್ಕದಲ್ಲೇ ಒಬ್ಬ ಚಹಾ ಕಾಸುತ್ತಿದ್ದ. ಸತ್ತವರೂ ಇದ್ದವರೂ ಇಷ್ಟು ಹತ್ತಿರ ಇರುವ ಊರಿನಲ್ಲಿ ತನ್ನ ಮನೆಯ ಚಿಲಕದ ಸಂಗತಿ ದೊಡ್ಡದೇನಲ್ಲ ಎನ್ನಿಸಿ ಅವಳಿಗೆ ಒಂದು ಬಗೆಯ ಧೈರ್ಯವೇ ಬಂತು. ವಿಶ್ವನಾಥನ ಗುಡಿಯ ಹೊರಗೆ ದಸ್ತಗಿರಿ ಎಲ್ಲರ ಚಪ್ಪಲಿ ಕಾಯುತ್ತ ನಿಂತ. ಒಳಗೆ ಲಿಂಗ ಕೈಗೆಟಕುವಷ್ಟು ಕೆಳಗಿತ್ತು. ಜನ ಮುಟ್ಟಿ, ತಬ್ಬಿ, ನೀರು ಸುರಿಯುತ್ತಿದ್ದರು. ಊರ ಗುಡಿಗಳಲ್ಲಿ ಹೊಸ್ತಿಲಾಚೆ ನಿಂತು ಕೈಮುಗಿದೇ ಹಣ್ಣಾದ ಗಿಡ್ಡಮ್ಮ ಮೊದಲು ಹಿಂಜರಿದಳು. ಯಾರೂ ತಡೆಯಲಿಲ್ಲ. ಎರಡೂ ಅಂಗೈ ಲಿಂಗದ ಮೇಲೆ ಇಟ್ಟಾಗ ಅದು ಒದ್ದೆಯಾಗಿ ತಣ್ಣಗಿತ್ತು. ದೇವರನ್ನು ಮುಟ್ಟಿದೆ ಎಂಬ ಸಂತೋಷಕ್ಕೆ ಅವಳ ಕಣ್ಣು ತುಂಬಿದವು.

ಅಲ್ಲಿಂದ ಅನ್ನಪೂರ್ಣೆಯ ಗುಡಿ. ಈ ತಾಯಿಯ ಊರಿನಲ್ಲಿ ಯಾರೂ ಹಸಿದು ಮಲಗುವುದಿಲ್ಲವಂತೆ ಎಂದು ಪಕ್ಕೀರಮ್ಮ ಯಾರೋ ಹೇಳಿದ್ದನ್ನು ದಾಟಿಸಿದಳು. ಹೊತ್ತು ನಡು ನೆತ್ತಿಗೆ ಬಂದಿತ್ತು. ಪ್ರಸಾದದ ಅನ್ನ ಕೈಗೆ ಬೀಳುವಷ್ಟರಲ್ಲಿ, ಗಿಡ್ಡಮ್ಮನ ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು.

ಆ ಸದ್ದನ್ನು ಅವಳು ಸಾವಿರ ಗಂಟಲುಗಳ ನಡುವೆಯೂ ಗುರುತಿಸಬಲ್ಲಳು. ತಿರುಗಿ ನೋಡಲಿಲ್ಲ.

"ಬಂದ್ರೇನು?" ಎಂದು ತುಟಿಯಲ್ಲೇ ಕೇಳಿದಳು.

"ಹೂಂ."

ಅಷ್ಟು ದೂರ, ಬಸ್ಸಿನ ಕುಲುಕಾಟದಲ್ಲಿ, ತನ್ನ ಹಿಂದೆಯೇ ಬಂದಿದ್ದಾನೆ. ಹೆದರಬೇಕಾದ ಹೆಂಗಸು ಹೆದರಲಿಲ್ಲ. ಮದುವೆಯಾದ ಮೇಲೆ ಗಂಡ ಹೆಂಡತಿ ಇಬ್ಬರೂ ಕೂಡಿ ಕೊಟ್ಟೂರು ದಾಟಿ ಎಲ್ಲಿಗೂ ಹೋಗಿರಲಿಲ್ಲ. ಕೈಯಲ್ಲಿದ್ದ ಅನ್ನದಲ್ಲಿ ಅರ್ಧವನ್ನು ಗೋಡೆಯ ಬುಡಕ್ಕೆ ಇಟ್ಟು, ಉಳಿದರ್ಧ ತಿಂದಳು. ಎಂದೂ ಇಲ್ಲದ ರುಚಿ ಹತ್ತಿತು.

ಮರುದಿನ ಪಿಶಾಚಮೋಚನ ಎಂಬ ಕೊಳಕ್ಕೆ ಹೋದರು. ಅತೃಪ್ತರಾಗಿ ತಿರುಗುವ ಜೀವಗಳಿಗೆ ಪಿಂಡ ಇಡುವ ಜಾಗ ಅದು. ದಂಡೆಯಲ್ಲಿ ಒಂದು ಅರಳಿ ಮರ. ಅದರ ಮೈತುಂಬ ಮೊಳೆಗಳು, ಮೊಳೆಗಳ ಕೆಳಗೆ ನಾಣ್ಯಗಳು, ಸತ್ತವರ ಫೋಟೋಗಳು. ತೊಗಟೆಯೇ ಕಾಣದಷ್ಟು. ಜೀವವನ್ನು ಮರಕ್ಕೆ ಬಡಿದರೆ ಮತ್ತೆ ಬೆನ್ನು ಹತ್ತಿ ಮನೆಗೆ ಬರುವುದಿಲ್ಲ ಎಂದು ದಸ್ತಗಿರಿ ಕೇಳಿ ತಿಳಿಸಿದ. ಗಿಡ್ಡಮ್ಮ ಆ ಮರವನ್ನು ನೋಡುತ್ತ ನಿಂತಳು. ಆತ ಹಿಂದಿಯ ಒಂದು ಮಾತೂ ಬಾರದ ಮನುಷ್ಯ. ಹಸಿದರೆ ಯಾರನ್ನು ಕೇಳಬೇಕು ಇಲ್ಲಿ?

ಪಿಂಡ ಇಡಿಸುವ ಪುರೋಹಿತ, ಅಲ್ಲಿಯವರ ಬಾಯಲ್ಲಿ ಪಂಡ, ಗಡಿಬಿಡಿಯವನು. ಗೋತ್ರ ಕೇಳಿದ. ಗೊತ್ತಿಲ್ಲವೆಂದಾಗ ಕಾಶ್ಯಪ ಎಂದು ತಾನೇ ಕೊಟ್ಟ. ಆಮೇಲೆ ಹೆಸರು ಕೇಳಿದ.

"ತೀರಿಕೊಂಡಾರ ಹೆಸರು ಏನಂತ ಕೇಳ್ತಾನ ಅಕ್ಕಾ" ಎಂದ ದಸ್ತಗಿರಿ.

"ನಮ್ಮ ಉಚ್ಚಂಗೆಪ್ಪನಪ್ಪ."

ದಸ್ತಗಿರಿ ಆ ಗಳಿಗೆಯಲ್ಲಿ, ಪಕ್ಕದಲ್ಲಿ ಜಗಳಾಡುತ್ತಿದ್ದ ಇನ್ನಿಬ್ಬರು ಯಾತ್ರಿಕರ ಕಡೆಗೆ ಮುಖ ಮಾಡಿದ್ದ. ಅವಳ ಬಾಯಲ್ಲಿ ವರ್ಷಗಟ್ಟಲೆ ಕೇಳಿದ್ದ ಮಾತೇ ಆದ್ದರಿಂದ ಹಾಗೆಯೇ ಪಂಡನ ಕಿವಿಗೆ ದಾಟಿಸಿದ. ಪಂಡನಿಗೆ ಅದು ಉದ್ದನೆಯ ಮದ್ರಾಸಿ ಹೆಸರು. ಬಾಲ ಕತ್ತರಿಸಿದ. ಹಿಟ್ಟಿನ ಉಂಡೆಯನ್ನು ದರ್ಭೆಯ ಮೇಲಿಟ್ಟು ಮಂತ್ರ ಹೇಳತೊಡಗಿದ: "ಕಾಶ್ಯಪ ಗೋತ್ರಸ್ಯ ಉಚ್ಚಂಗಪ್ಪ ಪ್ರೇತಸ್ಯ..."

ಪ್ರೇತ ಎಂಬ ಮಾತಿಗೆ ಯಾವ ಊರಿನಲ್ಲೂ ದುಬಾಷಿ ಬೇಕಿಲ್ಲ. ಅಲ್ಲ, ಅದು ಮಗನ ಹೆಸರು, ಮಗ ಊರಲ್ಲಿ ಗಟ್ಟಿಮುಟ್ಟಾಗಿದ್ದಾನೆ ಎಂದು ಹೇಳಲು ಗಿಡ್ಡಮ್ಮ ಬಾಯಿ ತೆರೆದಳು. ಅದಲ್ಲದಿದ್ದರೆ ಯಾವ ಹೆಸರು ಎಂದು ಕೇಳುತ್ತಾರಲ್ಲ? ಬಾಯಿ ತೆರೆದೇ ಇತ್ತು. ಹಿಂದಿನಿಂದ ಪಕ್ಕೀರಮ್ಮ ತಿವಿದಳು: "ಅತ್ತಾಗ ಸರಿಯೇ ಗಿಡ್ಡಿ, ಬಿಸಲೇರಾಕ ಹತ್ತೈತಿ." ಪಂಡನ ಕಡೆಯವನು ನಾಣ್ಯವೊಂದನ್ನು ಮರಕ್ಕೆ ಒತ್ತಿ ಹಿಡಿದು, ಕಲ್ಲಿನಿಂದ ಮೊಳೆ ಬಡಿದ. ಗಿಡ್ಡಮ್ಮ ಬಾಯಿ ಮುಚ್ಚಿಕೊಂಡಳು. ದೇವರಿಗೆ ಎಲ್ಲ ತಿಳಿಯುತ್ತದೆ, ಯಾರ ಪಾಲು ಯಾರಿಗೆ ಎಂದು ಅವನೇ ಹಂಚಿಕೊಳ್ಳುತ್ತಾನೆ ಎಂದು ಮನಸ್ಸಿಗೆ ಹೇಳಿಕೊಂಡಳು. ಗಂಗೆಯ ನೀರು ತುಂಬಿ ಬಾಯಿಗೆ ಬೆಸುಗೆ ಹಾಕಿದ ತಾಮ್ರದ ಗಿಂಡಿಯನ್ನು ಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು.

ಊರಿಗೆ ಬಂದ ಮರುದಿನವೇ, ಮಧ್ಯಾಹ್ನ, ಚಿಲಕ ಅಲುಗಿತು. "ಬಂದ್ರೇನು?" ಎಂದವಳ ದನಿಯಲ್ಲಿ ಹೆದರಿಕೆಯೇ ಇರಲಿಲ್ಲ ಎನ್ನುವುದನ್ನು ಮುಚ್ಚಿಡುವುದು ಬೇಡ.

ಮಗನ ಮೇಲೆ ಅವಳ ಕಣ್ಣು ಬಿದ್ದದ್ದು ಆಮೇಲೆ. ಉಚ್ಚಂಗೆಪ್ಪ ತಾಟಿನ ಮುಂದೆ ಕೂತು ರೊಟ್ಟಿಯನ್ನು ತಿರುವಿ ಹಾಕಿ ಏಳುತ್ತಿದ್ದ. ರೊಟ್ಟಿಯ ಮೇಲೆ ರೊಟ್ಟಿ ಹಾಕಿಸಿಕೊಳ್ಳುತ್ತಿದ್ದ ಹುಡುಗ.

"ಯಾಕಲೇ, ಮೈಯಾಗ ಆರಾಮಿಲ್ಲೇನು?"

"ಆರಾಮದೀನಿ ಯವ್ವಾ. ಹೊಟ್ಟಿ ತುಂಬೇತಿ. ಯಾರೋ ಕೂಡ್ರಿಸಿಕೊಂಡು ಉಣಿಸಿ ಕಳಿಸಿದಂಗ ಆಗತೈತಿ."

ವಾರಗಳು ಕಳೆದರೂ ಅವನ ಹೊಟ್ಟೆ ಖಾಲಿಯಾಗಲಿಲ್ಲ. ಕೆನ್ನೆಗಳು ಒಳಗಿಳಿದವು, ಅಂಗಿ ಮೈಮೇಲೆ ಜೋತುಬಿತ್ತು. ಡಾಕ್ಟರು ಟಾನಿಕ್ ಕೊಟ್ಟರು. ಅಷ್ಟರಲ್ಲಿ ಚಿಗಟೇರಿಯಿಂದ ಹೆಣ್ಣಿನ ಕಡೆಯವರು ಹುಡುಗನನ್ನು ನೋಡಲು ಬಂದರು. ಉಚ್ಚಂಗೆಪ್ಪ ಇಸ್ತ್ರಿ ಅಂಗಿ ತೊಟ್ಟು ಚಾಪೆಯ ಮೇಲೆ ಅವರ ಎದುರಿಗೇ ಕೂತ. ಬಂದವರು ಚಹಾ ಕುಡಿದರು, ಮಳೆ ಬೆಳೆ ಮಾತಾಡಿದರು, ಎಲೆ ಅಡಿಕೆ ಹಾಕಿಕೊಂಡರು. ಕೊನೆಗೆ ಅವರಲ್ಲಿ ಹಿರಿಯನಾದವನು ಬಾಗಿಲ ಕಡೆ ಕತ್ತು ಚಾಚಿ, "ಹುಡುಗ ಇನ್ನೂ ಸಾಲಿಯಿಂದ ಬರಲಿಲ್ಲೇನ್ರೀ?" ಎಂದು ಕೇಳಿದ.

ಗಿಡ್ಡಮ್ಮ ಮಗನ ಹೆಗಲು ಹಿಡಿದಳು. "ಇಲ್ಲೇ ಅದಾನಲ್ರೀ!" ಎಂದಳು. ಆಗ ಅವರು ಕಣ್ಣು ಕಿರಿದು ಮಾಡಿ, ದೂರದ ವಸ್ತುವನ್ನು ನೋಡಿದಂತೆ ಅವನನ್ನು ನೋಡಿ, ಪೆಚ್ಚಾಗಿ ನಕ್ಕು ಎದ್ದುಹೋದರು. ಆ ಕಡೆಯಿಂದ ಮತ್ತೆ ಸುದ್ದಿ ಬರಲಿಲ್ಲ.

ಉಚ್ಚಂಗೆಪ್ಪ ಆ ಚಾಪೆಯ ಮೇಲೆಯೇ ಮಲಗಿದ. "ದಿನಾ ಹಿಂಗ ಆಗಾಕ ಹತ್ತೈತಿ ಯವ್ವಾ. ಹೆಡ್‌ಮಾಸ್ತರು ನನ್ನ ಮುಂದ ನಿಂತು, ಉಚ್ಚಂಗೆಪ್ಪ ಎಲ್ಲಿ ಹೋಗ್ಯಾನ ಅಂತ ಒದರ್ತಾರ. ನನಗೂ ನಾ ಇಲ್ಲಿ ಅದೀನಿ ಅನಸಂಗಿಲ್ಲ. ಕಣ್ಣು ಮುಚ್ಚಿದ್ರ ಒಂದು ಕೊಳ ಕಾಣತೈತಿ. ದಂಡಿ ಮ್ಯಾಲೆ ಅರಳಿ ಮರ. ಅದರ ಮೈತುಂಬ ಮೊಳಿ. ಅದಕ್ಕ ಬೆನ್ನು ಹಚ್ಚಿ ನಿಂತಂಗ ಇರತೀನಿ, ಸರದಾಡಾಕ ಬರಂಗಿಲ್ಲ."

ಕಾಶಿಯಿಂದ ಬಂದ ಮೇಲೆ ಗಿಡ್ಡಮ್ಮ ಗುಡಿಗಳ ಸುದ್ದಿ ಹೇಳಿದ್ದಳು, ಗಂಗೆಯ ಸುದ್ದಿ ಹೇಳಿದ್ದಳು. ಆ ಮರದ ಸುದ್ದಿ ಮಾತ್ರ ಯಾರ ಮುಂದೆಯೂ ಎತ್ತಿರಲಿಲ್ಲ.

ಸೆರಗು ಹೊದ್ದು ನೇರ ಬಸ್‌ಸ್ಟ್ಯಾಂಡಿಗೆ ನಡೆದಳು. ದಸ್ತಗಿರಿ ಬಸ್ಸಿನ ನೆರಳಲ್ಲಿ ಕೂತು ಬೀಡಿ ಹಚ್ಚುತ್ತಿದ್ದ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವನು ಬೀಡಿಯನ್ನು ಹಾಗೆಯೇ ಕೆಳಗಿಟ್ಟ.

"ಯಾ ಅಲ್ಲಾ! ನಂದೂ ತಪ್ಪೈತಿ ಅಕ್ಕಾ. ನೀ ಅಂದಿದ್ದನ್ನ ಹಂಗ ಹೇಳಿಬಿಟ್ಟೆ. ಉಚ್ಚಂಗೆಪ್ಪನಪ್ಪ ಅಂದ್ರ ನಮಗ ಗಾದಿಲಿಂಗನ ಮಾರಿ ಕಾಣತೈತಿ. ಆ ಪಂಡಗೇನು ಗೊತ್ತು?" ಅವಳಿಗೆ ಕೂರಲು ನೆರಳಲ್ಲಿ ಜಾಗ ಮಾಡಿಕೊಟ್ಟ. "ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಬರೇ ಹೆಸರು ಹೇಳಬಾರದು, ಖರೆ. ಒಡಪಿನಾಗ ಹೇಳಬಹುದಿತ್ತಲ್ಲ? ನಿನ್ನ ಮದಿವಿ ಒಡಪು ಹೇಳಿ ಹೇಳಿ ಮಂಡಿಯಾಗ ನಮ್ಮ ತಲಿ ತಿಂತಿದ್ದ ಆತ."

ಅದೂ ನಿಜವೇ. ಮದುವೆಯ ಮನೆಯಲ್ಲಿ ಗಂಡನ ಹೆಸರನ್ನು ಪ್ರಾಸದ ಮಾತಿನೊಳಗೆ ಸೇರಿಸಿ ಹೇಳುವ ಒಡಪಿನಲ್ಲಿ ಗಿಡ್ಡಮ್ಮನನ್ನು ಮೀರಿಸುವವರು ಓಣಿಯಲ್ಲಿ ಇರಲಿಲ್ಲ. ಹೊಸ ಸೊಸೆಯಾಗಿ ಹೊಸ್ತಿಲಲ್ಲಿ ತಡೆದು ನಿಲ್ಲಿಸಿದಾಗ ಅವಳು ಹೇಳಿದ್ದು ಹೀಗೆ:

ತಂಬಿಗಿ ತುಂಬ ತಣ್ಣೀರು, ತಾಟಿನ ತುಂಬ ರೊಟ್ಟಿ,
ಗಾದಿಲಿಂಗಪ್ಪ ಬರೋತನಕ ಬಿಡಂಗಿಲ್ಲ ನಾ ಕಟ್ಟಿ.

"ಪಿಂಡ ಇಡೋ ಮುಂದ ಒಡಪು ಹೇಳಾಕ ಅದೇನು ಮದಿವಿ ಮನಿಯೇನು?" ಎಂದು ಗಿಡ್ಡಮ್ಮ ಸಿಡಿದಳು. ಬಸ್ಸುಗಳ ಧೂಳು ಇಬ್ಬರ ಮೇಲೂ ಬಂದು ಕೂತಿತು. ಬಹಳ ಹೊತ್ತಿನ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೇಳಿದ್ರ ಹೋಗಿಬಿಡ್ತಿದ್ರು ತಮ್ಮಾ."

ಆ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವಳೇ ಬೆಚ್ಚಿದಳು. ಅವ್ವ ಹೇಳಿಕೊಟ್ಟ ನೇಮವನ್ನು ಮುಂದಿಟ್ಟು, ಹಿಂದೆ ಅವಳು ಬಚ್ಚಿಟ್ಟದ್ದು ಇದನ್ನು. ಮಧ್ಯಾಹ್ನದ ಆ ಒಂದು "ಹೂಂ" ಅವಳಿಗೆ ಬೇಕಾಗಿತ್ತು. ಅದಕ್ಕಾಗಿ ಗಂಡನನ್ನು ಹಸಿದೇ ಇರಿಸಿದಳು, ಮಗನನ್ನು ಮರಕ್ಕೆ ಬಡಿಸಿ ಬಂದಳು.

ಮರುದಿನ ಬೆಳಿಗ್ಗೆ ಸಂತೆಯಿಂದ ಪುಂಡಿಸೊಪ್ಪು ತಂದಳು. ರೊಟ್ಟಿ ತಟ್ಟಿದಳು, ಶೇಂಗಾ ಚಟ್ನಿ ಕುಟ್ಟಿದಳು. ಒಳಗೆ ಚಾಪೆಯ ಮೇಲೆ ಉಚ್ಚಂಗೆಪ್ಪ ಕಣ್ಣು ಮುಚ್ಚಿ ಬಿದ್ದಿದ್ದ. ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಅವಳು ಮತ್ತೆ ಮತ್ತೆ ಹೋಗಿ ಮೂಗಿನ ಹತ್ತಿರ ಕೈ ಇಟ್ಟು ನೋಡಿದಳು. ಹೊಸ್ತಿಲ ಒಳಗೆ ತಾಟು ಬಡಿಸಿ, ಗಂಗೆಯ ಗಿಂಡಿಯ ಬೆಸುಗೆಯನ್ನು ಉಳಿ ಹಾಕಿ ಎಬ್ಬಿಸಿದಳು. ತಾನು ಸಾಯುವಾಗ ಬಾಯಿಗೆ ಬಿಡಲಿ ಎಂದು ತಂದ ನೀರು ಅದು. ಅಷ್ಟನ್ನೂ ತಂಬಿಗೆಗೆ ಸುರಿದಳು.

ಓಣಿ ಖಾಲಿಯಾಯಿತು. ಚಿಲಕ ಅಲುಗಿತು. ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ, ಅವಳ ಮಾತಿಗಾಗಿ ಕಾಯುವ ಆ ಮೌನ.

ಗಿಡ್ಡಮ್ಮ ತಾಟನ್ನು ಹೊಸ್ತಿಲ ಹತ್ತಿರಕ್ಕೆ ಸರಿಸಿದಳು.

"ಗಾದಿಲಿಂಗಪ್ಪಾ" ಎಂದಳು.

ಚಿಲಕ ನಿಂತಿತು. ಇಡೀ ಓಣಿ ಕಿವಿಗೊಟ್ಟಂತಾಯಿತು.

"ಗಾದಿಲಿಂಗಪ್ಪಾ, ಬಾ. ಇದು ನಿನ್ನ ತಾಟು, ಅವತ್ತು ಉಳಿದಿದ್ದು. ಉಂಡು ಹೋಗು. ಕಾಶ್ಯಾಗ ಆ ಮರದ ಹತ್ರ ನಿನ್ನ ಜಾಗದಾಗ ನಮ್ಮ ಹುಡುಗ ನಿಂತಾನ. ನಾನ ನಿಲ್ಲಿಸಿ ಬಂದೀನಿ. ಅವನ್ನ ಬಿಡಿಸಿ ಕಳಿಸು. ಅಲ್ಲಿ ನೀನ ಇರಬೇಕು." ಕಣ್ಣು ಮುಚ್ಚಿಕೊಂಡಳು. "ಆ ಊರಾಗ ಯಾರೂ ಹಸಕೊಂಡು ಮಲಗಂಗಿಲ್ಲಂತ. ಹೆದರಬ್ಯಾಡ."

ಏಕವಚನದಲ್ಲಿ ಅವಳು ಗಂಡನನ್ನು ಮಾತಾಡಿಸಿದ್ದು ಅದೇ ಮೊದಲು. ಉತ್ತರ ಬರಲು ತಡವಾಯಿತು. ಬಂದಾಗ ಬಾಗಿಲಾಚೆಯಿಂದ ಬರಲಿಲ್ಲ. ಅವಳ ಕಿವಿಯ ಪಕ್ಕದಲ್ಲೇ, ಉಂಡು ಎದ್ದವನ ತೃಪ್ತಿಯಲ್ಲಿ, ಮೆಲ್ಲಗೆ ಬಂತು.

"ಹೂಂ."

ಅವಳು ಕಣ್ಣು ಬಿಟ್ಟಾಗ ತಾಟಿನಲ್ಲಿ ರೊಟ್ಟಿ ಇಟ್ಟಂತೆಯೇ ಇತ್ತು. ತಂಬಿಗೆಯ ನೀರು ಮಾತ್ರ ಅಲುಗುತ್ತಿತ್ತು. ಒಳಗೆ ಚಾಪೆ ಸರಿದ ಸದ್ದಾಯಿತು. ಉಚ್ಚಂಗೆಪ್ಪ ಗೋಡೆ ಹಿಡಿದು ಎದ್ದು, ಬಾಗಿಲಿಗೆ ಬಂದು ನಿಂತ. ಬೆನ್ನನ್ನು ಒಂದು ಸಲ ತಡವಿಕೊಂಡ.

"ಯವ್ವಾ, ಹಸಿವಾಗೇತಿ" ಎಂದ.

ಆ ದಿನ ಅವನು ತಿನ್ನುವುದನ್ನು ಅವಳು ಬಾಯಿಗೆ ಸೆರಗು ಒತ್ತಿಕೊಂಡು ನೋಡಿದಳು. ಒಲೆ ಆರುವ ತನಕ ರೊಟ್ಟಿ ತಟ್ಟಿದಳು. ಅವನು ಇನ್ನೂ ಬೇಡುತ್ತಲೇ ಇದ್ದ.

ಮಾರನೆಯ ವಾರ ಉಚ್ಚಂಗೆಪ್ಪ ಶಾಲೆಗೆ ಹೋದ. ಗಂಟೆ ಬಾರಿಸಲು ತಡ ಮಾಡಿದನೆಂದು ಹೆಡ್‌ಮಾಸ್ತರು ಹೆಸರು ಹಿಡಿದು ಬೈದರಂತೆ. ಅದನ್ನು ಕೇಳಿ ಗಿಡ್ಡಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮಧ್ಯಾಹ್ನ ಓಣಿ ಖಾಲಿಯಾಗುವ ಹೊತ್ತಿಗೆ ಅವಳು ತಂಬಿಗೆ ತುಂಬಿಕೊಂಡು ಕಟ್ಟೆಯ ಮೇಲೆ ಬಂದು ಕೂತಳು. ಬಿಸಿಲು ಚಿಲಕದ ಮೇಲೆ ಬಿದ್ದು, ಆಮೇಲೆ ಸರಿದುಹೋಯಿತು. ನಾಯಿಯೊಂದು ಮೈ ಮುರಿದು ಮತ್ತೆ ಮಲಗಿತು. "ಗಾದಿಲಿಂಗಪ್ಪ" ಎಂದಳು. ಸ್ವಲ್ಪ ತಡೆದು ಇನ್ನೊಮ್ಮೆ ಎಂದಳು. ಎಷ್ಟು ಸಲ ಬೇಕಾದರೂ ಅನ್ನಬಹುದಾದ ಹೆಸರಾಗಿತ್ತು ಈಗ ಅದು. ಯಾರೂ ಹೂಂ ಎನ್ನಲಿಲ್ಲ.